35,000 ಟನ್ ತೂಕದ ಹೀರೋ

1993ರಲ್ಲಿ ಜಪಾನಿನ ಬಾನ್‌ಪ್ರೆಸ್ಟೋ ಕಂಪನಿ ಒಂದು ಆರ್ಕೇಡ್ ಗೇಮ್ ಬಿಡ್ತು. ಹೆಸರು 'ಅಲ್ಟ್ರಾ ತೋಕೊನ್ ದೆನ್ಸೆತ್ಸು'. ಕನ್ನಡಕ್ಕೆ ತರೋದಾದ್ರೆ 'ಅಲ್ಟ್ರಾ ಕೆಚ್ಚಿನ ದಂತಕಥೆ' ಅನ್ನಬಹುದೇನೋ. ಆರ್ಕೇಡ್ ಅಂದ್ರೆ ಅಂಗಡಿಯಲ್ಲಿ ಬೀರುವಿನ ಥರ ನಿಲ್ಲಿಸಿರೋ ಯಂತ್ರ. ನಾಣ್ಯ ಹಾಕಬೇಕು, ಕೋಲು ತಿರುಗಿಸ್ತಾ ಗುಂಡಿ ಒತ್ತಬೇಕು, ಸತ್ತರೆ ಮತ್ತೆ ನಾಣ್ಯ ಹಾಕಬೇಕು. ಈ ಗೇಮಿನ ಜಾತಿಗೆ 'ಬೀಟ್ ಎಮ್ ಅಪ್' ಅಂತಾರೆ. ಎಡದಿಂದ ಬಲಕ್ಕೆ ನಡೀತಾ ಹೋಗೋದು, ಅಡ್ಡ ಬಂದವರನ್ನೆಲ್ಲ ಚಚ್ಚೋದು, ಕೊನೆಗೆ ಒಬ್ಬ ದೊಡ್ಡ ಖಳನನ್ನ ಕೆಡವೋದು. ಕಥೆ ಇಷ್ಟೇ.

ಇಲ್ಲಿ ವಿಶೇಷ ಏನಂದ್ರೆ ಚಚ್ಚೋನು ಗಲ್ಲಿ ರೌಡಿ ಅಲ್ಲ, ಅಲ್ಟ್ರಾಮ್ಯಾನ್ ವಂಶದ ವೀರ. ಚಚ್ಚಿಸಿಕೊಳ್ಳೋದು ಊರು ಹಾಳು ಮಾಡೋಕೆ ಬಂದ ರಾಕ್ಷಸ ಪ್ರಾಣಿಗಳು, ಜಪಾನಿನವರು 'ಕೈಜು' ಅಂತಾರಲ್ಲ, ಅವು. ಇದು ಆರ್ಕೇಡ್ ಇತಿಹಾಸದ ಮಹಾಕಾವ್ಯ ಅಂತ ಯಾರೂ ಹೇಳಲ್ಲ, ನಾನೂ ಹೇಳಲ್ಲ. ಆದ್ರೆ ಇಂಥ ಗೇಮ್ ಮಾಡೋಕೆ ಕೂತೋರ ಮುಂದೆ ಇದ್ದ ಒಂದು ಪ್ರಶ್ನೆ ಮಾತ್ರ ನನ್ನನ್ನ ಬಿಡದೆ ಕಾಡಿದೆ.

ಅಲ್ಟ್ರಾಮ್ಯಾನ್ ಎತ್ತರ 40 ಮೀಟರ್. ಹೆಚ್ಚುಕಮ್ಮಿ ಹದಿಮೂರು ಅಂತಸ್ತಿನ ಕಟ್ಟಡ. ಆದ್ರೆ ಆರ್ಕೇಡ್ ಪರದೆ ಇರೋದೇ ಎರಡಡಿ ಚಿಲ್ರೆ. ಅದರಲ್ಲಿ ಹೀರೋ ಗೇಣುದ್ದ ಕಾಣ್ತಾನೆ. 1989ರಲ್ಲಿ ಕ್ಯಾಪ್‌ಕಾಮ್ ಮಾಡಿದ 'ಫೈನಲ್ ಫೈಟ್' ಗೇಮಲ್ಲಿ ಬೀದಿ ಜಗಳ ಆಡೋ ಮನುಷ್ಯನೂ ಗೇಣುದ್ದವೇ. ಹಾಗಿದ್ರೆ ಇವನು ಹದಿಮೂರು ಅಂತಸ್ತು, ಅವನು ಆರಡಿ ಅಂತ ನಮ್ಮ ಕಣ್ಣಿಗೆ ಹೇಳಿಕೊಡೋದು ಹೇಗೆ? ಪಕ್ಕದಲ್ಲಿ ಬೆಂಕಿಪೊಟ್ಟಣದ ಸೈಜಿನ ಮನೆ ಇಟ್ರೆ ಅರ್ಧ ಕೆಲಸ ಆಯ್ತು. ಉಳಿದರ್ಧ ತೂಕದ್ದು. ಅವನು ಬಿದ್ದಾಗ ದಪ್ಪ್ ಅನ್ನಬೇಕಲ್ಲ?

ತೂಕದ ವಿಷಯಕ್ಕೆ ಬಂದ್ರೆ ಅಧಿಕೃತ ಲೆಕ್ಕ ಇದೆ. ಅಲ್ಟ್ರಾಮ್ಯಾನ್ ತೂಕ 35,000 ಟನ್. ಒಂದು ಸಣ್ಣ ಲೆಕ್ಕ ಹಾಕೋಣ. 1.75 ಮೀಟರ್ ಎತ್ತರ, 70 ಕೆಜಿ ತೂಕದ ಮನುಷ್ಯನನ್ನ ಅದೇ ಅಳತೆಯಲ್ಲಿ ಹಿಗ್ಗಿಸಿ 40 ಮೀಟರ್ ಮಾಡಿದ್ರೆ ಎತ್ತರ ಸುಮಾರು 23 ಪಟ್ಟು ಆಗುತ್ತೆ. ಅಗಲ, ದಪ್ಪನೂ ಅಷ್ಟಷ್ಟೇ ಹಿಗ್ಗೋದ್ರಿಂದ ತೂಕ ಮೂರು ಸಲ ಗುಣಾಕಾರ ಆಗಿ ಸುಮಾರು 12,000 ಪಟ್ಟು. ಅಂದ್ರೆ 840 ಟನ್ ಆಸುಪಾಸು. 35,000 ಟನ್ ಆಗಬೇಕಾದ್ರೆ ಆತ ನಮಗಿಂತ 40 ಪಟ್ಟು ಸಾಂದ್ರ ಇರಬೇಕು. ಬಂಗಾರನೇ ನೀರಿಗಿಂತ 19 ಪಟ್ಟು ಸಾಂದ್ರ. ನಮ್ಮ ಹೀರೋ ಅಪರಂಜಿಯ ಎರಡರಷ್ಟು ಗಟ್ಟಿ! ಯಾರೋ ಪುಣ್ಯಾತ್ಮ ದೊಡ್ಡ ಅಂಕಿ ಇರಲಿ ಅಂತ ಬರೆದಿದ್ದು ಅಷ್ಟೇ. ತೂಕವನ್ನ ಅಂಕಿಯಲ್ಲಿ ಹೇಳೋದು ಸುಲಭ. ಕಣ್ಣಿಗೆ ಕಾಣಿಸೋ ಹಾಗೆ ಮಾಡೋದು ಬೇರೆ ವಿದ್ಯೆ. ಆ ವಿದ್ಯೆಯನ್ನ ಗೇಮ್ ಮಾಡಿದೋರು ಕಂಡುಹಿಡೀಲಿಲ್ಲ. ಅವರಿಗಿಂತ ಸುಮಾರು ನಲವತ್ತು ವರ್ಷ ಮುಂಚೆ ಅದಕ್ಕೆ ಕೆಲವರು ಬೆವರು ಸುರಿಸಿ ಆಗಿತ್ತು. ಬೆವರು ಅನ್ನೋದು ಇಲ್ಲಿ ಅಲಂಕಾರದ ಮಾತಲ್ಲ.

ಐಜಿ ತ್ಸುಬುರಾಯ ಹುಟ್ಟಿದ್ದು 1901ರಲ್ಲಿ, ಫುಕುಶಿಮಾ ಪ್ರಾಂತ್ಯದ ಸುಕಾಗಾವಾದಲ್ಲಿ. ಸಿನಿಮಾದಲ್ಲಿ ಕ್ಯಾಮೆರಾ ಕೆಲಸಕ್ಕೆ ಸೇರಿಕೊಂಡ್ರು. 1933ರ ಅಮೆರಿಕನ್ ಸಿನಿಮಾ 'ಕಿಂಗ್ ಕಾಂಗ್' ನೋಡಿ ಮರುಳಾದ್ರು. ಯುದ್ಧದ ಕಾಲಕ್ಕೆ ತೋಹೋ ಸ್ಟುಡಿಯೋದಲ್ಲಿ ಅವರ ಕೈಚಳಕ ಬಳಕೆಯಾಗಿದ್ದು ಸರ್ಕಾರದ ಪ್ರಚಾರಕ್ಕೆ. ಪರ್ಲ್ ಹಾರ್ಬರ್ ದಾಳಿಯನ್ನ ಪುಟ್ಟ ಹಡಗು, ಪುಟ್ಟ ವಿಮಾನ ಇಟ್ಟು ತೋರಿಸಿದ 1942ರ ಚಿತ್ರ ಅವರದೇ ಕೆಲಸ. ಯುದ್ಧ ಸೋತ ಮೇಲೆ ಅದೇ ಕಾರಣಕ್ಕೆ ಅಮೆರಿಕನ್ನರ ಆಡಳಿತದಲ್ಲಿ ಕೆಲವು ವರ್ಷ ಸ್ಟುಡಿಯೋದಿಂದ ಹೊರಗುಳಿಯಬೇಕಾಯ್ತು.

1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಸಿಡಿಸಿತು. ಅದರ ಬೂದಿ 'ದೈಗೋ ಫುಕುರ್ಯೂ ಮಾರು' ಅನ್ನೋ ಜಪಾನಿ ಮೀನುಗಾರಿಕೆ ದೋಣಿ ಮೇಲೆ ಬಿತ್ತು. ಒಳಗಿದ್ದವರು 23 ಜನ. ಅವರಲ್ಲಿ ರೇಡಿಯೋ ಆಪರೇಟರ್ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರ್ 3ಕ್ಕೆ ತೋಹೋದ 'ಗಾಡ್ಜಿಲಾ' ಬಿಡುಗಡೆಯಾಯ್ತು. ಬಾಂಬಿನಿಂದ ಎದ್ದ, 50 ಮೀಟರ್ ಎತ್ತರದ ಪ್ರಾಣಿ ಟೋಕಿಯೋ ತುಳಿಯೋ ಕಥೆ. ನಿರ್ದೇಶನ ಇಶಿರೋ ಹೊಂಡಾ, ಸ್ಪೆಷಲ್ ಎಫೆಕ್ಟ್ಸ್ ತ್ಸುಬುರಾಯ.

ಕಿಂಗ್ ಕಾಂಗ್ ಮಾಡಿದ್ದು ಬೊಂಬೆಯನ್ನ ಒಂದೊಂದು ಫ್ರೇಮಿಗೂ ಕೂದಲೆಳೆಯಷ್ಟು ಸರಿಸಿ, ಫೋಟೋ ತೆಗೆದು. ಅಷ್ಟು ಸಮಯ ಜಪಾನಿನವರ ಕೈಲಿರಲಿಲ್ಲ. ಹಾಗಾಗಿ ರಬ್ಬರ್ ಚರ್ಮ ಹೊಲಿದು ಅದರೊಳಗೆ ಮನುಷ್ಯನನ್ನ ಇಳಿಸೋದು ಅಂತ ತೀರ್ಮಾನ ಆಯ್ತು. ಒಳಗೆ ಇಳಿದೋರಲ್ಲಿ ಮುಖ್ಯರು ಹರುವೊ ನಕಾಜಿಮ. ಅದಕ್ಕೆ ಮುಂಚೆ ಸಿನಿಮಾಗಳಲ್ಲಿ ಕತ್ತಿಯೇಟು ತಿಂದು ಬೀಳೋ ಸಣ್ಣಪುಟ್ಟ ಪಾತ್ರ ಮಾಡ್ತಿದ್ದವರು. ಮೊದಲು ಮಾಡಿದ ಸೂಟ್ ಸುಮಾರು 100 ಕೆಜಿ ಇತ್ತು. ಅದರಲ್ಲಿ ಹತ್ತು ಹೆಜ್ಜೆ ಇಡೋದೇ ಸಾಹಸ. ದೊಡ್ಡ ಪ್ರಾಣಿ ಹೇಗೆ ನಡೆಯುತ್ತೆ ಅಂತ ತಿಳಿಯೋಕೆ ನಕಾಜಿಮ ಊಏನೋ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನ ನೋಡ್ತಾ ನಿಲ್ತಿದ್ರು.

ಈಗ ತೂಕದ ಗುಟ್ಟಿಗೆ ಬರೋಣ. ಇದು ಹೈಸ್ಕೂಲಿನ ಫಿಸಿಕ್ಸು. 50 ಮೀಟರ್ ಎತ್ತರದಿಂದ ಕಲ್ಲು ಬಿಟ್ರೆ ನೆಲ ಮುಟ್ಟೋಕೆ ಸುಮಾರು 3.2 ಸೆಕೆಂಡ್ ಬೇಕು. 2 ಮೀಟರ್ ಎತ್ತರದಿಂದ ಬಿಟ್ರೆ 0.64 ಸೆಕೆಂಡ್. ಎತ್ತರ 25 ಪಟ್ಟು ವ್ಯತ್ಯಾಸ, ಸಮಯ 5 ಪಟ್ಟು. ಗಾಡ್ಜಿಲಾಗೆ ಕಟ್ಟಿದ ಪುಟ್ಟ ಟೋಕಿಯೋ ನಿಜದ 25ರಲ್ಲೊಂದು ಭಾಗ. ಆ ಬೊಂಬೆ ಕಟ್ಟಡ ಮಾಮೂಲಿ ವೇಗದಲ್ಲಿ ಕುಸಿದ್ರೆ ಪಟ್ ಅಂತ ಬಿದ್ದು ಆಟದ ಸಾಮಾನು ಅನ್ನೋದು ಗೊತ್ತಾಗಿಬಿಡುತ್ತೆ. ಅದನ್ನ ಹೆಚ್ಚು ಫ್ರೇಮಿನಲ್ಲಿ ಸೆರೆಹಿಡಿದು ನಿಧಾನಕ್ಕೆ ತೋರಿಸಿದ್ರೆ ನಿಜವಾದ ಐವತ್ತು ಮೀಟರಿನ ಕಟ್ಟಡ ಕುಸಿದ ಹಾಗೆ ಕಾಣುತ್ತೆ. ಲೆಕ್ಕದ ಪ್ರಕಾರ ಸೆಕೆಂಡಿಗೆ 24ರ ಬದಲು 120 ಫ್ರೇಮ್. ಪ್ರತಿ ಶಾಟಿಗೂ ಅಷ್ಟೇ ಇಟ್ರು ಅಂತಲ್ಲ, ಆದ್ರೆ ತತ್ವ ಇದು. ನಮ್ಮ ಕಣ್ಣು ದೊಡ್ಡದು-ಸಣ್ಣದು ಅಳೆಯೋದು ಬರೀ ಉದ್ದ ನೋಡಿ ಅಲ್ಲ, ಬೀಳೋಕೆ ಎಷ್ಟು ಹೊತ್ತು ತಗೊಳ್ತು ಅಂತಲೂ ನೋಡಿ.

ಇದರ ಬೆಲೆ ಯಾರು ಕೊಟ್ರು ಗೊತ್ತಾ? ಒಳಗಿದ್ದವರು. ಹೆಚ್ಚು ಫ್ರೇಮ್ ಅಂದ್ರೆ ಒಂದೊಂದು ಫ್ರೇಮಿಗೆ ಬೆಳಕು ಬೀಳೋ ಸಮಯ ಕಮ್ಮಿ. ಹಾಗಾಗಿ ದೀಪ ಜಾಸ್ತಿ ಬೇಕು. ದೀಪ ಜಾಸ್ತಿ ಆದ್ರೆ ಶಾಖ ಜಾಸ್ತಿ. ಜೊತೆಗೆ ಪರದೆಯಲ್ಲಿ ನಿಧಾನ ಆಗಿಬಿಡೋದ್ರಿಂದ ಶೂಟಿಂಗಲ್ಲಿ ನಟ ಬೇಗ ಬೇಗ ಕೈಕಾಲು ಆಡಿಸಬೇಕು, ಇಲ್ಲಾಂದ್ರೆ ಪ್ರಾಣಿ ತೂಕಡಿಸ್ತಿದೆ ಅನ್ಸುತ್ತೆ. ಮಣಭಾರದ ರಬ್ಬರ್ ಹೊತ್ತು, ಉರಿಯೋ ದೀಪಗಳ ಕೆಳಗೆ, ಚುರುಕಾಗಿ ನಡೀರಿ ಅಂದ್ರೆ ಹೇಗಿರಬೇಕು? ಸೂಟ್ ಬಿಚ್ಚಿದಾಗ ಬೆವರನ್ನ ಲೋಟಕ್ಕೆ ಬಗ್ಗಿಸಬಹುದಿತ್ತು ಅಂತ ಹೇಳ್ತಾರೆ. ಪ್ರೇಕ್ಷಕ ನೋಡಿದ ತೂಕ ಸುಳ್ಳು, ನಕಾಜಿಮ ಹೊತ್ತ ತೂಕ ನಿಜ.

1963ರಲ್ಲಿ ತ್ಸುಬುರಾಯ ತಮ್ಮದೇ ಕಂಪನಿ ಶುರು ಮಾಡಿದ್ರು. 1966ರ ಜನವರಿಯಲ್ಲಿ ಅವರ 'ಅಲ್ಟ್ರಾ ಕ್ಯೂ' ಟಿವಿಯಲ್ಲಿ ಬಂತು, ವಾರಕ್ಕೊಂದು ಪ್ರಾಣಿ. ಅದೇ ವರ್ಷ ಜುಲೈನಲ್ಲಿ 'ಅಲ್ಟ್ರಾಮ್ಯಾನ್'. ಈ ಸಲ ಪ್ರಾಣಿಯ ಎದುರಿಗೆ ಅಷ್ಟೇ ಎತ್ತರದ ಹೀರೋ. ಆ ಮೇಲೆ ಇಂಥ ಕಥೆಗಳ ಸುಗ್ಗಿಯೇ ಆಯ್ತು. ತೋಯ್ ಕಂಪನಿಯ 'ಜೈಂಟ್ ರೋಬೋ' ಅದೇ ಅಲೆಯಲ್ಲಿ 1967ರಲ್ಲಿ ಬಂದಿದ್ದು. ಅದು ಇಂಗ್ಲಿಷ್ ಮಾತು ತುಂಬಿಸಿಕೊಂಡು 80ರ ದಶಕದಲ್ಲಿ ನಮ್ಮ ದೂರದರ್ಶನಕ್ಕೂ ಬಂದಿತ್ತು. ನನಗಿಂತ ಹತ್ತು ವರ್ಷ ದೊಡ್ಡವರನ್ನ ಕೇಳಿದ್ರೆ ಈಗಲೂ ಕೈ ಗಡಿಯಾರ ಬಾಯಿ ಹತ್ರ ತಂದು ರೋಬೋಟನ್ನ ಕರೆದು ತೋರಿಸ್ತಾರೆ.

ಸಿನಿಮಾ ವರ್ಷಕ್ಕೊಂದು. ಟಿವಿ ವಾರಕ್ಕೊಂದು. ಪ್ರತಿ ವಾರ ಹೊಸ ರಾಕ್ಷಸ ಎಲ್ಲಿಂದ ತರೋದು? ತೋಹೋದ 1965ರ ಸಿನಿಮಾ ಒಂದಕ್ಕೆ ಮಾಡಿದ 'ಬಾರಗೊನ್' ಅನ್ನೋ ಪ್ರಾಣಿಯ ಸೂಟನ್ನ ತಂದು, ತಲೆ ಬದಲಾಯಿಸಿ, ಕೊಂಬು ಸಿಕ್ಕಿಸಿ, ಬಣ್ಣ ಹೊಡೆದು 'ನೆರೊಂಗ' ಮಾಡಿದ್ರು. ಅದನ್ನೇ ಮತ್ತೆ ತಿದ್ದಿ 'ಮಗುಲಾ', ಮತ್ತೂ ತಿದ್ದಿ 'ಗಬೋರ'. ಹತ್ತನೇ ಕಂತಿನಲ್ಲಂತೂ ಗಾಡ್ಜಿಲಾ ಸೂಟಿಗೇ ಕತ್ತಿನ ಸುತ್ತ ಜಾಲರಿ ಕಟ್ಟಿ 'ಜಿರಾಸ್' ಅಂತ ಹೆಸರಿಟ್ರು. ಒಳಗಿದ್ದದ್ದು ನಕಾಜಿಮ ಅವರೇ. ಜಗಳದ ಮಧ್ಯೆ ಅಲ್ಟ್ರಾಮ್ಯಾನ್ ಆ ಜಾಲರಿ ಕಿತ್ತು ಬಿಸಾಕ್ತಾನೆ, ಆಗ ಎದುರಿಗೆ ಸಾಕ್ಷಾತ್ ಗಾಡ್ಜಿಲಾ! ಹೊಟ್ಟೆಪಾಡಿಗೆ ಕೋಡ್ ಬರೆಯೋ ನನ್ನಂಥೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಹಳೇ ಕೋಡ್ ತಂದು ಹೆಸರು ಬದಲಿಸಿ ಹೊಸ ಪ್ರಾಡಕ್ಟ್ ಅನ್ನೋದು ನಮ್ಮ ಉದ್ಯಮದ ನಿತ್ಯಕರ್ಮ.

ಆ ಜಾಲರಿ ಕಿತ್ತವರು ಬಿನ್ ಫುರುಯ. ಇಪ್ಪತ್ತರ ಹರೆಯದ, ಎತ್ತರದ, ಸಪೂರ ಮೈಕಟ್ಟಿನ ನಟ. ಅಲ್ಟ್ರಾಮ್ಯಾನ್ ರೂಪ ಬರೆದ ಕಲಾವಿದ ತೋರು ನರಿತ ಮೂಲತಃ ಶಿಲ್ಪಿ. ಅವರಿಗೆ ಬೇಕಿದ್ದದ್ದು ಶಿಲ್ಪದಂಥ ಮೈ, ಹಾಗಾಗಿ ಫುರುಯನೇ ಆಗಬೇಕು ಅಂದ್ರು. ಮುಖ ತೋರಿಸೋ ನಟ ಆಗಬೇಕು ಅಂತ ಬಂದ ಹುಡುಗನಿಗೆ ಸಿಕ್ಕಿದ್ದು ಮುಖವಾಡ. ಮೈಗಂಟಿದ ರಬ್ಬರ್ ಬಟ್ಟೆ, ನೋಡೋಕೆ ಸಣ್ಣ ಕಿಂಡಿ, ಕಾಲ ಹತ್ರ ಸಿಡಿಮದ್ದು. ಸಾಕಪ್ಪಾ, ಬಿಟ್ಟುಬಿಡ್ತೀನಿ ಅಂತ ಹೇಳೋಕೆ ಸ್ಟುಡಿಯೋಗೆ ಹೊರಟ ದಿನ ಬಸ್ಸಿನಲ್ಲಿ ಹತ್ತಿದ ಶಾಲೆ ಮಕ್ಕಳು ಅಲ್ಟ್ರಾಮ್ಯಾನ್ ಬಗ್ಗೆ ಕಣ್ಣರಳಿಸಿ ಮಾತಾಡ್ತಿದ್ರಂತೆ. ಎದುರಿಗೆ ಕೂತೋನೇ ಅವನು ಅಂತ ಅವಕ್ಕೆ ಗೊತ್ತಿಲ್ಲ. ಫುರುಯ ಆ ದಿನ ರಾಜೀನಾಮೆ ಮಾತೆತ್ತಲಿಲ್ಲ. ಇದನ್ನ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಅಲ್ಟ್ರಾಮ್ಯಾನ್ ನಿಲ್ಲೋ ಭಂಗಿ ನೋಡಿದ್ದೀರಾ? ಬೆನ್ನು ಸ್ವಲ್ಪ ಬಗ್ಗಿರುತ್ತೆ, ಮೊಣಕಾಲು ಮಡಚಿರುತ್ತೆ, ಎರಡೂ ಕೈ ಮುಂದೆ. ಅಮೆರಿಕನ್ ನಟ ಜೇಮ್ಸ್ ಡೀನ್ 'ರೆಬೆಲ್ ವಿದೌಟ್ ಎ ಕಾಸ್' ಸಿನಿಮಾದಲ್ಲಿ ಚಾಕು ಹಿಡಿದು ನಿಲ್ಲೋ ರೀತಿಯಿಂದ ಅದು ಬಂತು ಅಂತಾರೆ ಫುರುಯ. ಹದಿಮೂರು ಅಂತಸ್ತಿನ ದೇವತೆಯಂಥ ಹೀರೋ ಎದೆ ಸೆಟೆಸಿ ನಿಲ್ಲಬೇಕಿತ್ತು. ಆದ್ರೆ ಅವನು ನಿಲ್ಲೋದು ಗಲ್ಲಿ ಹುಡುಗ ಜಗಳಕ್ಕೆ ನಿಂತ ಹಾಗೆ, ಅರ್ಧ ಧೈರ್ಯ ಅರ್ಧ ಎಚ್ಚರದಲ್ಲಿ. ಅದಕ್ಕೇ ಇರಬೇಕು ಮಕ್ಕಳಿಗೆ ಅವನು ಹತ್ತಿರದವನು ಅನ್ಸಿದ್ದು.

ಎದೆ ಮೇಲಿನ ದೀಪದ್ದು ಇನ್ನೊಂದು ಕಥೆ. ಅಲ್ಟ್ರಾಮ್ಯಾನ್ ಶಕ್ತಿ ಭೂಮಿ ಮೇಲೆ ಬೇಗ ಕರಗುತ್ತೆ. ನೀಲಿ ದೀಪ ಕೆಂಪಾಗಿ ಮಿನುಗೋಕೆ ಶುರು ಆದ್ರೆ ಕೆಲಸ ಬೇಗ ಮುಗಿಸಬೇಕು. ಈ ಮೂರು ನಿಮಿಷದ ಗಡುವು ಜಪಾನಿನ ಮಕ್ಕಳಿಗೆಲ್ಲ ಬಾಯಿಪಾಠ. ನರಿತ ಬರೆದ ಮೂಲ ಚಿತ್ರದಲ್ಲಿ ಆ ದೀಪ ಇರಲಿಲ್ಲ, ಆಮೇಲೆ ಸೇರಿಸಿದ್ದು ಅವರಿಗೆ ಇಷ್ಟವೂ ಆಗಲಿಲ್ಲ. ಆದ್ರೆ ಕಥೆಗೆ ಅದರಿಂದ ಉಸಿರು ಬಂತು. ಆಗ ಬಹಳ ಮನೆಗಳಲ್ಲಿ ಕಪ್ಪು-ಬಿಳುಪು ಟಿವಿ. ಬಣ್ಣ ಕಾಣದಿದ್ರೂ ಮಿನುಗೋದು ಕಾಣುತ್ತೆ, ಬೀಪ್ ಬೀಪ್ ಕೇಳುತ್ತೆ. ದುಬಾರಿ ಜಗಳದ ದೃಶ್ಯ ಚಿಕ್ಕದಾಗಿದ್ರೂ ಯಾಕೆ ಚಿಕ್ಕದು ಅಂತ ಯಾರೂ ಕೇಳದ ಹಾಗಾಯ್ತು.

ಇಷ್ಟೆಲ್ಲ ಉಳಿತಾಯ ಮಾಡಿದ್ರೂ ಕೈ ಸೋತಿತು. ಸರಾಸರಿ ವೀಕ್ಷಕರ ಪ್ರಮಾಣ ಶೇ. 36 ದಾಟಿದ್ದ ಧಾರಾವಾಹಿ 39 ಕಂತಿಗೆ ನಿಂತುಹೋಯ್ತು. ಜನ ಬೇಡ ಅಂದಿದ್ದಕ್ಕಲ್ಲ. ವಾರಕ್ಕೊಂದು ಕಂತು ಮಾಡಿ ಮುಗಿಸೋಕೆ ಆಗದೆ. 1967ರ ಏಪ್ರಿಲ್ 9ರ ಕೊನೇ ಕಂತಿನಲ್ಲಿ 'ಜೆಟ್ಟೊನ್' ಅನ್ನೋ ಪ್ರಾಣಿ ಅಲ್ಟ್ರಾಮ್ಯಾನನ್ನ ಸೋಲಿಸಿಬಿಡುತ್ತೆ. ಆಗ ಅವನ ಲೋಕದಿಂದ 'ಜೊಫಿ' ಬಂದು, ಜೊತೆಗೆ ಎರಡು ಜೀವ ತಂದಿದ್ದೀನಿ ಅಂತಾನೆ. ಗೇಮ್ ಆಡಿದೋರಿಗೆ ಇದು ಕೇಳಿದ ಹಾಗಿದೆ ಅಲ್ವಾ? ಎಕ್ಸ್‌ಟ್ರಾ ಲೈಫ್! ಆರ್ಕೇಡ್ ಯುಗ ಶುರುವಾಗೋಕೆ ಇನ್ನೂ ವರ್ಷಗಟ್ಟಲೆ ಇದ್ದಾಗಲೇ.

ಆ ಯುಗ ಬಂತು. 1978ರಲ್ಲಿ ತೈತೋ ಕಂಪನಿಯ 'ಸ್ಪೇಸ್ ಇನ್ವೇಡರ್ಸ್' ಜಪಾನನ್ನೇ ಹುಚ್ಚು ಹಿಡಿಸಿತು. 1984ರಲ್ಲಿ ಐರೆಮ್‌ನ 'ಕುಂಗ್ ಫೂ ಮಾಸ್ಟರ್', 1987ರಲ್ಲಿ ಟೆಕ್ನೋಸ್‌ನ 'ಡಬಲ್ ಡ್ರ್ಯಾಗನ್', 1989ರಲ್ಲಿ 'ಫೈನಲ್ ಫೈಟ್'. ಚಚ್ಚೋ ಗೇಮಿನ ವ್ಯಾಕರಣ ಹೀಗೆ ಬೆಳೀತು. ಅಲ್ಟ್ರಾಮ್ಯಾನ್ ನೋಡಿ ಬೆಳೆದ ಮಕ್ಕಳು ಅಷ್ಟು ಹೊತ್ತಿಗೆ ದುಡಿಯೋ ವಯಸ್ಸಿಗೆ ಬಂದಿದ್ರು. ಬಂಡೈ ಬಳಗದ ಬಾನ್‌ಪ್ರೆಸ್ಟೋ ಟಿವಿ ಹೀರೋಗಳನ್ನ ಗೇಮಿಗೆ ತರೋದರಲ್ಲೇ ಹೆಸರು ಮಾಡಿದ್ದ ಕಂಪನಿ. ಅಲ್ಟ್ರಾ ವೀರರು ಆರ್ಕೇಡಿಗೆ ಬಂದಿದ್ದು ಹೀಗೆ.

ಈ ಜಾತಿಯ ಗೇಮುಗಳನ್ನ ಸುಮ್ಮನೆ ಆಡೋ ಬದಲು ಬಿಚ್ಚಿ ನೋಡಿದ್ರೆ ಹಳೇ ಸ್ಟುಡಿಯೋ ವಿದ್ಯೆಗಳೇ ಸಿಗ್ತವೆ. ಏಟು ಬಿದ್ದ ಕ್ಷಣ ಎರಡೂ ಬೊಂಬೆಗಳು ಕೆಲವು ಫ್ರೇಮ್ ಹೆಪ್ಪುಗಟ್ಟಿ ನಿಲ್ಲುತ್ತವೆ. ಸೆಕೆಂಡಿಗೆ 60 ಫ್ರೇಮಿನಲ್ಲಿ ಆರು ಫ್ರೇಮ್ ಅಂದ್ರೆ ಸೆಕೆಂಡಿನ ಹತ್ತನೇ ಒಂದು ಭಾಗ. ಕಣ್ಣಿಗೆ ನಿಂತಿದ್ದು ಗೊತ್ತಾಗಲ್ಲ, ಆದ್ರೆ ಮೈಗೆ ಏಟಿನ ಭಾರ ಗೊತ್ತಾಗುತ್ತೆ. ಇದಕ್ಕೆ 'ಹಿಟ್ ಸ್ಟಾಪ್' ಅಂತಾರೆ. ತ್ಸುಬುರಾಯ ಕ್ಯಾಮೆರಾ ವೇಗ ಹೆಚ್ಚಿಸಿ ಮಾಡಿದ್ದನ್ನೇ ಇಲ್ಲಿ ಒಂದು ಕೌಂಟರ್ ಇಟ್ಟು ಮಾಡ್ತಾರೆ. ಸಮಯ ಹಿಗ್ಗಿಸಿ ತೂಕ ಹುಟ್ಟಿಸೋದು.

ಚಿಪ್ ದುಬಾರಿ, ಅದರಲ್ಲಿ ಚಿತ್ರ ತುಂಬೋಕೆ ಜಾಗ ಕಮ್ಮಿ. ಅದಕ್ಕೇ ಒಂದೇ ಖಳನ ಚಿತ್ರಕ್ಕೆ ಬೇರೆ ಬಣ್ಣ ಬಳಿದು ಇನ್ನೊಬ್ಬ ಅಂತ ಕಳಿಸ್ತಾರೆ. 'ಫೈನಲ್ ಫೈಟ್'ನ ಬ್ರೆಡ್ ಮತ್ತು ಡಗ್ ಅನ್ನೋ ರೌಡಿಗಳು ಹಾಗೇ. ನೆರೊಂಗ, ಮಗುಲಾ, ಗಬೋರ ಹುಟ್ಟಿದ್ದೂ ಅದೇ ಬಡತನದಲ್ಲಿ. ಇನ್ನು ಗಡುವು. ಆರ್ಕೇಡ್ ಯಂತ್ರದ ಮಾಲೀಕನಿಗೆ ಒಂದು ನಾಣ್ಯಕ್ಕೆ ಒಬ್ಬ ಆಟಗಾರ ಕೆಲವೇ ನಿಮಿಷ ನಿಂತ್ರೆ ಲಾಭ. ಎದೆ ದೀಪ ಮಿನುಗೋ ಹೀರೋಗಿಂತ ಆ ವ್ಯಾಪಾರಕ್ಕೆ ಹೇಳಿ ಮಾಡಿಸಿದ ಹೀರೋ ಇನ್ನೊಬ್ಬ ಇದ್ದಾನಾ? ಟಿವಿಯಲ್ಲಿ ಖರ್ಚು ಉಳಿಸಿದ ದೀಪ, ಇಲ್ಲಿ ಜೇಬಿನಿಂದ ಮುಂದಿನ ನಾಣ್ಯ ತೆಗೆಸುತ್ತೆ.

ಇಷ್ಟಾಗಿ ಒಂದು ವ್ಯತ್ಯಾಸ ಮಾತ್ರ ಉಳಿಯುತ್ತೆ. ಗೇಮಿನಲ್ಲಿ ಒಳಗೆ ಯಾರೂ ಇಲ್ಲ. ಯಾರಿಗೂ ಬೆವರಿಲ್ಲ, ಉಸಿರು ಕಟ್ಟಲ್ಲ. ಇದು ಒಳ್ಳೇದೇ. ಇಂಥ ಕೆಲಸ ಯಂತ್ರಕ್ಕೆ ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ. ಆದ್ರೆ ಸ್ಪ್ರೈಟ್ ಬರೆದ ಕಲಾವಿದ ಯಾವುದನ್ನ ನೋಡಿ ಬರೆದ? 40 ಮೀಟರಿನ ಜೀವಿಯನ್ನಂತೂ ಅಲ್ಲ. ಬೆನ್ನು ಬಗ್ಗಿಸಿ, ಕೈ ಮುಂದೆ ಮಾಡಿ ನಿಂತ ಒಬ್ಬ ಯುವಕನನ್ನ. ನಿಮ್ಮ ಕೈ ಕೋಲಿನ ಮೇಲೆ ಸುಮ್ಮನೆ ಇದ್ದಾಗ ಅಲ್ಟ್ರಾಮ್ಯಾನ್ ನಿಂತಿರೋ ಭಂಗಿ ಫುರುಯ ಅವರದ್ದು. ಅದಾದ ಮೇಲೆ ಆ ಸೂಟಿನೊಳಗೆ ಎಷ್ಟೋ ಜನ ಬಂದ್ರು, ಎಷ್ಟೋ ಗೇಮ್ ಬಂದ್ವು, ಭಂಗಿ ಅದೇ.

ಫುರುಯಗೆ ಸ್ವಲ್ಪ ನ್ಯಾಯ ಸಿಕ್ಕಿತು ಅನ್ನಬೇಕು. ಮುಂದಿನ ಧಾರಾವಾಹಿ 'ಅಲ್ಟ್ರಾಸೆವೆನ್'ನಲ್ಲಿ ಅವರಿಗೆ ಅಮಾಗಿ ಅನ್ನೋ ಪಾತ್ರ ಕೊಟ್ರು. ಮುಖವಾಡ ಇಲ್ಲದ್ದು. ನಕಾಜಿಮ 1972ರವರೆಗೆ ಗಾಡ್ಜಿಲಾ ಆಗಿದ್ರು, ಹದಿನೆಂಟು ವರ್ಷ. ಆಮೇಲೆ ಜಪಾನಿ ಸಿನಿಮಾ ಉದ್ಯಮ ಸೊರಗಿ, ಸಂಬಳದ ನಟರನ್ನ ಇಟ್ಟುಕೊಳ್ಳೋ ಪದ್ಧತಿಯೇ ಮುರಿದುಬಿತ್ತು. ಗಾಡ್ಜಿಲಾಗೆ ಕೊನೆಗೆ ಸಿಕ್ಕ ಕೆಲಸ ಸ್ಟುಡಿಯೋ ಜಾಗದಲ್ಲಿದ್ದ ಬೌಲಿಂಗ್ ಅಂಗಳದಲ್ಲಿ. ವಯಸ್ಸಾದ ಮೇಲೆ ಅಭಿಮಾನಿಗಳು ಹುಡುಕಿಕೊಂಡು ಬಂದ್ರು, ಅಮೆರಿಕದವರೆಗೂ ಕರೆಸಿ ಸನ್ಮಾನ ಮಾಡಿದ್ರು. 2017ರ ಆಗಸ್ಟಿನಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಳೇ ಆರ್ಕೇಡ್ ಗೇಮುಗಳನ್ನ ಈಗ ಕಂಪ್ಯೂಟರಿನಲ್ಲಿ ಜೋಪಾನ ಮಾಡೋ ಹುಚ್ಚರು ಲೋಕದ ತುಂಬ ಇದ್ದಾರೆ. ಚಿಪ್ಪಿನೊಳಗಿನ ಒಂದೊಂದು ಬೈಟನ್ನೂ ತೆಗೆದು ಕಾಪಾಡ್ತಾರೆ. ಅವರಿಗೆ ಶರಣು. ಆ ಬೈಟುಗಳಲ್ಲಿ ಚಿತ್ರ ಇದೆ, ಬಣ್ಣ ಇದೆ, ಏಟಿನ ಸದ್ದಿದೆ, ಗಡುವಿನ ಲೆಕ್ಕ ಇದೆ. ಸೂಟಿನ ಒಳಗಿದ್ದವರ ಹೆಸರು ಮಾತ್ರ ಯಾವ ಚಿಪ್ಪಿನಲ್ಲೂ ಇರಲ್ಲ, ಅದನ್ನ ನಾವೇ ಬರೆದಿಡಬೇಕು. ಒಬ್ಬರು ಹರುವೊ ನಕಾಜಿಮ, ಇನ್ನೊಬ್ಬರು ಬಿನ್ ಫುರುಯ.